ಕರೆಂಟು ಕೊಡುವ ಇಪ್ಪತ್ತು ನಿಮಿಷ

ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆ. ಮೂರು ಮಂಚ, ನಡುವೆ ಮಾಸಿದ ಹಸಿರು ಪರದೆ. ಗೋಡೆಗೆ ಒತ್ತಿಟ್ಟ ಮೇಜಿನ ಮೇಲೆ ಯಂತ್ರ, ಅದರಿಂದ ಹೊರಟ ನಾಲ್ಕು ವಯರು, ಒಂದೊಂದರ ತುದಿಗೂ ಅಂಗೈಯಗಲದ ಕಪ್ಪು ರಬ್ಬರ್ ಪ್ಯಾಡು. ಫಿಸಿಯೋಥೆರಪಿಸ್ಟ್ ಆ ಪ್ಯಾಡುಗಳನ್ನು ಒದ್ದೆ ಸ್ಪಂಜಿನ ಚೀಲಗಳಿಗೆ ತೂರಿಸಿದರು. ಬೋರಲು ಮಲಗಿದ್ದವರ ಸೊಂಟದ ಆಚೀಚೆ ಎರಡನ್ನು, ಪೃಷ್ಠದ ಹತ್ತಿರ ಇನ್ನೆರಡನ್ನು ಇಟ್ಟು ಪಟ್ಟಿ ಬಿಗಿದು, ಗುಂಡಿ ತಿರುವುತ್ತ ಕೇಳಿದರು.

“ಬಂತಾ?”

“ಇಲ್ಲ.”

“ಈಗ?”

“ಹ್ಞಾಂ, ಬಂತು ಬಂತು. ಜುಂ ಅಂತಿದೆ.”

“ಜಾಸ್ತಿ ಅನ್ನಿಸಿದ್ರೆ ಹೇಳಿ. ತಡ್ಕೊಂಡು ಸುಮ್ನಿರಬೇಡಿ.”

ಟೈಮರ್ 20 ನಿಮಿಷಕ್ಕೆ ನಿಂತಿತು. ಮಲಗಿದ್ದವರು ಅಡಿಕೆ ಕೊನೆ ಕೊಯ್ಯುವ ಕೆಲಸದವರು. ನೋವು ಸೊಂಟದಲ್ಲಿ ಹುಟ್ಟಿ, ತೊಡೆಯ ಹಿಂಭಾಗದಲ್ಲಿ ಇಳಿದು, ಮೀನಖಂಡ ದಾಟಿ ಎಡಗಾಲಿನ ಕಿರುಬೆರಳಿನ ತನಕ ಹೋಗುವುದನ್ನು ಅವರು ಮೊದಲೇ ಬೆರಳಿನಿಂದ ಗೆರೆ ಎಳೆದು ತೋರಿಸಿದ್ದರು. ಬರುವಾಗ ಮಗನ ಹೆಗಲು ಹಿಡಿದು, ಒಂದು ಪಕ್ಕಕ್ಕೆ ವಾಲಿಕೊಂಡು ಬಂದಿದ್ದವರು ಈಗ ತಾವಾಗಿಯೇ ಎದ್ದು ಕೂತರು, ಬಗ್ಗಿ ಚಪ್ಪಲಿ ಎಳೆದುಕೊಂಡರು. ಮುಖದ ಬಿಗಿ ಸಡಿಲವಾಗಿತ್ತು. “ನಾಳೆ ಮರ ಹತ್ತಬಹುದಾ?” ಎಂದು ಕೇಳಿದರು.

“ಮರ ಬೇಡ. ಈಗ ಆಸ್ಪತ್ರೆ ಸುತ್ತ ಎರಡು ಸುತ್ತು ನಡ್ಕೊಂಡು ಬನ್ನಿ. ನೋವಿಲ್ಲದ ಹೊತ್ತನ್ನ ಮಲಗಿ ಕಳೀಬೇಡಿ.”

ಸೊಂಟದಿಂದ ಕಾಲಿಗೆ ಇಳಿಯುವ ಈ ನೋವಿಗೆ ಸಯಾಟಿಕಾ ಎಂದು ಹೆಸರು. ಅದಕ್ಕೆ ಕೊಡುವ ಕರೆಂಟಿನ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ನಮ್ಮ ಊರುಗಳಲ್ಲಿ “ಸೊಂಟಕ್ಕೆ ಕರೆಂಟ್ ಇಡಿಸ್ಕೊಂಡು ಬಂದೆ” ಎನ್ನುವವರ ಸಂಖ್ಯೆ ಸಣ್ಣದಲ್ಲ. ಹತ್ತು ದಿನ, ಹದಿನೈದು ದಿನ ತಪ್ಪದೆ ಹೋಗುತ್ತಾರೆ. ಬಸ್ ಚಾರ್ಜು, ಕೂಲಿ ಕಳೆದುಕೊಂಡ ದಿನ, ಸಿಟ್ಟಿಂಗ್ ಒಂದಕ್ಕೆ ಕೆಲವು ನೂರು ರೂಪಾಯಿ. ಅಷ್ಟೆಲ್ಲ ತೆತ್ತು ಅವರು ನಂಬಿರುವುದು, ಕರೆಂಟು ಒಳಗೆ ಹೋಗಿ ಜಾರಿದ ಡಿಸ್ಕನ್ನು ಸರಿಮಾಡುತ್ತದೆ, ಒತ್ತಿಹೋದ ನರವನ್ನು ಬಿಡಿಸುತ್ತದೆ ಎಂದು. ಅದು ಹಾಗೆ ಮಾಡುವುದಿಲ್ಲ. ಅದು ಮಾಡುವ ಕೆಲಸವೇ ಬೇರೆ. ಆ ಬೇರೆ ಕೆಲಸವನ್ನು ಸರಿಯಾಗಿ ತಿಳಿದುಕೊಂಡರೆ ಕರೆಂಟಿನಿಂದ ಉಪಯೋಗವಿದೆ. ತಿಳಿಯದಿದ್ದರೆ ಹಣ ಮತ್ತು ಹೊತ್ತು ಎರಡೂ ಹೋಗುತ್ತವೆ.

ನೋವು ಹುಟ್ಟುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ

ಸಯಾಟಿಕ್ ನರ ನಮ್ಮ ಮೈಯಲ್ಲಿ ಎಲ್ಲಕ್ಕಿಂತ ದಪ್ಪನೆಯ ನರ. ಬೆನ್ನಿನ ಕೆಳಭಾಗದ ನಾಲ್ಕನೇ ಮತ್ತು ಐದನೇ ಸೊಂಟದ ಮಟ್ಟದಿಂದ (ಎಲ್-4, ಎಲ್-5), ಅದರ ಕೆಳಗಿನ ತ್ರಿಕಾಸ್ಥಿಯ ಮೊದಲ ಮೂರು ಮಟ್ಟಗಳಿಂದ (ಎಸ್-1ರಿಂದ ಎಸ್-3) ಬರುವ ನರಬೇರುಗಳು ಕೂಡಿ ಇದು ಆಗುತ್ತದೆ. ಪೃಷ್ಠದ ಸ್ನಾಯುಗಳ ಅಡಿಯಿಂದ ಹಾದು, ತೊಡೆಯ ಹಿಂದೆ ಇಳಿದು, ಮಂಡಿಯ ಹತ್ತಿರ ಎರಡಾಗಿ ಒಡೆದು ಪಾದದ ತನಕ ಹೋಗುತ್ತದೆ. ತೊಂದರೆ ಬಹುತೇಕ ಸಲ ಈ ಉದ್ದದ ದಾರಿಯಲ್ಲಿ ಇರುವುದಿಲ್ಲ, ಬೇರಿನಲ್ಲೇ ಇರುತ್ತದೆ. ಎಲ್-4 ಮತ್ತು ಎಲ್-5ರ ನಡುವಿನ ಡಿಸ್ಕೋ, ಎಲ್-5 ಮತ್ತು ಎಸ್-1ರ ನಡುವಿನದೋ ಹಿಂದಕ್ಕೆ ಉಬ್ಬಿ ನರಬೇರಿಗೆ ತಾಗುತ್ತದೆ. ನೋವು ಹೆಬ್ಬೆರಳಿನ ಕಡೆಗೆ ಹೋದರೆ ವೈದ್ಯರು ಎಲ್-5ರ ಬೇರನ್ನು ಅನುಮಾನಿಸುತ್ತಾರೆ, ಕಿರುಬೆರಳಿನ ಕಡೆಗೆ ಹೋದರೆ ಎಸ್-1. ಕೊನೆ ಕೊಯ್ಯುವವರು ಬೆರಳಿನಿಂದ ಎಳೆದ ಗೆರೆ ಎಸ್-1ರದು. ಇಷ್ಟು ತಿಳಿಯಲು ಸ್ಕ್ಯಾನ್ ಬೇಕಿಲ್ಲ, ರೋಗಿಯ ಮಾತಿಗೆ ಕಿವಿಗೊಡಬೇಕು, ಅಷ್ಟೆ.

ಚರಕಸಂಹಿತೆ ಇದನ್ನು ಗೃಧ್ರಸಿ ಎಂದು ವಾತರೋಗಗಳ ನಡುವೆ ಹೇಳಿ, ನೋವು ಪೃಷ್ಠ, ಸೊಂಟ, ತೊಡೆ, ಮಂಡಿ, ಮೀನಖಂಡ, ಪಾದ ಎಂದು ಇಳಿಯುವ ದಾರಿಯನ್ನೂ ವಿವರಿಸಿದೆ. ಇಟಲಿಯ ನೇಪಲ್ಸ್‌ನ ವೈದ್ಯ ಡೊಮೆನಿಕೊ ಕೊಟುನ್ಯೊ 1764ರಲ್ಲಿ ಇದು ಸೊಂಟದ ಕೀಲಿನ ನೋವಲ್ಲ, ನರದ ನೋವು ಎಂದು ಬೇರ್ಪಡಿಸಿ ಬರೆದ. ಆದರೆ ನರವನ್ನು ನೋಯಿಸುತ್ತಿರುವುದು ಡಿಸ್ಕು ಎಂಬುದು ವೈದ್ಯಲೋಕಕ್ಕೆ ಗಟ್ಟಿಯಾಗಿ ತಿಳಿದಿದ್ದು 1934ರಲ್ಲಿ, ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರ ಪ್ರಬಂಧದಿಂದ. ಅಲ್ಲಿಂದ ಮುಂದೆ ಹಲವು ದಶಕ ಡಿಸ್ಕೇ ಖಳನಾಯಕ, ಅದನ್ನು ತೆಗೆಯುವುದೇ ಮದ್ದು ಎಂಬ ಕಾಲ ನಡೆಯಿತು.

ಆ ಚಿತ್ರ ಈಗ ಬದಲಾಗಿದೆ. ಡಿಸ್ಕಿನ ಒತ್ತಡ ಒಂದೇ ನೋವಿಗೆ ಕಾರಣವಲ್ಲ. ಹೊರಬಂದ ಡಿಸ್ಕಿನ ಒಳತಿರುಳು ನರಬೇರಿನ ಸುತ್ತ ಉರಿಯೂತ ಎಬ್ಬಿಸುತ್ತದೆ. ಉರಿಯೂತದಿಂದ ಕೆರಳಿದ ನರ ಸಣ್ಣ ಒತ್ತಡಕ್ಕೂ ಕಿರುಚುತ್ತದೆ. ಅಚ್ಚರಿಯ ಸಂಗತಿಯೆಂದರೆ, ಅದೇ ಉರಿಯೂತದ ಮೂಲಕ ದೇಹ ಹೊರಬಂದ ಚೂರನ್ನು ಕರಗಿಸಲೂ ತೊಡಗುತ್ತದೆ. ಪೂರಾ ಹೊರಗೆ ಜಾರಿದ ದೊಡ್ಡ ಚೂರುಗಳು, ಬರೀ ಉಬ್ಬಿದ ಡಿಸ್ಕಿಗಿಂತ ಚೆನ್ನಾಗಿ ಕರಗುವುದು ಎಂಆರ್‌ಐಗಳಲ್ಲಿ ಮತ್ತೆ ಮತ್ತೆ ಕಂಡಿದೆ. ವರದಿ ಹಿಡಿದು “ದೊಡ್ಡದಾಗಿ ಜಾರಿದೆಯಂತೆ” ಎಂದು ಅಳುತ್ತಾ ಬರುವವರಿಗೆ ಈ ಮಾತು ಹೇಳುವವರು ಕಡಿಮೆ. ಇನ್ನೊಂದು ಮಾತನ್ನೂ ಹೇಳಬೇಕು. ಯಾವ ನೋವೂ ಇಲ್ಲದವರ ಬೆನ್ನನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನೆಲ್ಲ ಕೂಡಿಸಿ 2015ರಲ್ಲಿ ಲೆಕ್ಕ ಹಾಕಿದಾಗ, 20ರ ವಯಸ್ಸಿನವರಲ್ಲೂ ಶೇ 30ರಷ್ಟು ಮಂದಿಗೆ ಉಬ್ಬಿದ ಡಿಸ್ಕ್ ಇತ್ತು. 80ರವರಲ್ಲಿ ಶೇ 84. ಉಬ್ಬಿದ ಡಿಸ್ಕೆಲ್ಲ ಕಾಯಿಲೆಯಲ್ಲ.

ಮೀನಿನಿಂದ ಬ್ಯಾಟರಿಗೆ

ಕರೆಂಟಿನಿಂದ ನೋವು ಕಳೆಯುವ ಯೋಚನೆ ವಿದ್ಯುತ್ತು ಏನೆಂದು ತಿಳಿಯುವುದಕ್ಕೂ ಮೊದಲಿನದು. ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಕ್ರಿ.ಶ. ಮೊದಲ ಶತಮಾನದಲ್ಲಿ ಬರೆದ ಔಷಧಗ್ರಂಥದಲ್ಲಿ ಕಾಲಿನ ಗೌಟ್ ನೋವಿಗೆ ಹೇಳಿದ ಮದ್ದು ಇದು: ಸಮುದ್ರದ ಒದ್ದೆ ದಂಡೆಯಲ್ಲಿ ಜೀವಂತ ಟಾರ್ಪೆಡೊ ಮೀನನ್ನು ಪಾದದಡಿ ಇಟ್ಟುಕೊಂಡು, ಮಂಡಿಯ ತನಕ ಜೋಮು ಹಿಡಿಯುವವರೆಗೆ ನಿಲ್ಲಬೇಕು. ನಮ್ಮ ಕರಾವಳಿಯವರು ಬಲೆಯಲ್ಲಿ ಕಾಣುವ ತೊರಕೆಗಳ ದೂರದ ಬಳಗದ್ದೇ ಆ ಮೀನು. ಮೈಯಲ್ಲೇ ವಿದ್ಯುತ್ತು ಹುಟ್ಟಿಸಿ ಬೇಟೆಯನ್ನು ಹೊಡೆದು ಬೀಳಿಸುತ್ತದೆ. ಹದಿನೆಂಟನೇ ಶತಮಾನದಲ್ಲಿ ಗಾಜಿನ ಉರುಳೆ ತಿಕ್ಕಿ ಕಿಡಿ ಎಬ್ಬಿಸುವ ಯಂತ್ರಗಳು ಬಂದ ಮೇಲೆ ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ ಬಡವರಿಗೆ ಪುಕ್ಕಟೆ ವಿದ್ಯುತ್ ಚಿಕಿತ್ಸೆ ಕೊಡಿಸಿದ; 1760ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದ. ಮುಂದಿನ ನೂರೈವತ್ತು ವರ್ಷ ಈ ವಿದ್ಯೆ ಒಳ್ಳೆಯ ವೈದ್ಯರ ಕೈಯಲ್ಲೂ ಬೆಲ್ಟು ಮಾರುವವರ ಕೈಯಲ್ಲೂ ಓಡಾಡಿ, ಕೊನೆಗೆ ಮಾನ ಕಳೆದುಕೊಂಡಿತು.

ಮಾನ ಮರಳಿ ಬಂದಿದ್ದು 1965ರಲ್ಲಿ. ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ ಮತ್ತು ಬ್ರಿಟನ್ ಮೂಲದ ನರವಿಜ್ಞಾನಿ ಪ್ಯಾಟ್ರಿಕ್ ವಾಲ್ ‘ಸೈನ್ಸ್’ ಪತ್ರಿಕೆಯಲ್ಲಿ ನೋವಿನ ಹೊಸ ಸಿದ್ಧಾಂತ ಮುಂದಿಟ್ಟರು. ಸ್ಪರ್ಶದ ಸುದ್ದಿ ದಪ್ಪ ನರತಂತುಗಳಲ್ಲಿ ಬರುತ್ತದೆ, ನೋವಿನ ಸುದ್ದಿ ಸಣ್ಣ ತಂತುಗಳಲ್ಲಿ. ಎರಡೂ ಬೆನ್ನುಹುರಿಯಲ್ಲಿ ಸಂಧಿಸುವ ಕಡೆ ಒಂದು ಗೇಟು ಇದ್ದ ಹಾಗೆ ವ್ಯವಸ್ಥೆಯಿದೆ. ದಪ್ಪ ತಂತುಗಳ ಸುದ್ದಿ ಹೆಚ್ಚಾದರೆ ಗೇಟು ಮುಚ್ಚಿಕೊಂಡು ನೋವಿನ ಸುದ್ದಿ ಮಿದುಳಿಗೆ ಹೋಗುವುದು ತಗ್ಗುತ್ತದೆ. ಪೆಟ್ಟು ಬಿದ್ದ ಜಾಗವನ್ನು ಮಗುವೂ ಉಜ್ಜಿಕೊಳ್ಳುವುದಕ್ಕೆ ಇದರಲ್ಲಿ ಉತ್ತರವಿತ್ತು. ಸಿದ್ಧಾಂತದ ವಿವರಗಳಲ್ಲಿ ಆಮೇಲೆ ತಿದ್ದುಪಡಿಗಳಾಗಿವೆ, ತಿರುಳು ಉಳಿದಿದೆ.

ಹೇಳಿ ಸುಮ್ಮನಾಗದೆ ಅದನ್ನು ಮೈಮೇಲೆ ಪರೀಕ್ಷಿಸಿದ್ದು ನನಗೆ ಈ ಚರಿತ್ರೆಯಲ್ಲಿ ಬಹಳ ಹಿಡಿಸಿದ ಭಾಗ. ವಾಲ್ ಮತ್ತು ನರಶಸ್ತ್ರವೈದ್ಯ ವಿಲಿಯಂ ಸ್ವೀಟ್ ಮೊದಲು ತಮ್ಮದೇ ಮುಖದ ನರಕ್ಕೆ ಸೂಜಿ ಚುಚ್ಚಿಕೊಂಡು ಕರೆಂಟು ಹರಿಸಿ ನೋಡಿದರು. ಆಮೇಲೆ ಬಹುಕಾಲದಿಂದ ನೋವು ತಿನ್ನುತ್ತಿದ್ದ ಎಂಟು ರೋಗಿಗಳ ನರಗಳಿಗೆ ಸೆಕೆಂಡಿಗೆ 100 ಮಿಡಿತದ ಕರೆಂಟು ಕೊಟ್ಟರು. ಕರೆಂಟು ಹರಿಯುತ್ತಿರುವಷ್ಟು ಹೊತ್ತು, ಮುಟ್ಟಿದರೆ ಚೀರುವಂತಿದ್ದ ಜಾಗವನ್ನು ಒತ್ತಿದರೂ ನೋಯಲಿಲ್ಲ. ನಾಲ್ವರಿಗೆ ಎರಡು ನಿಮಿಷ ಕೊಟ್ಟ ಕರೆಂಟಿನ ಆರಾಮ ಅರ್ಧ ಗಂಟೆಗೂ ಹೆಚ್ಚು ಉಳಿಯಿತು. 1967ರ ಆ ಸಣ್ಣ ವರದಿಯಲ್ಲಿ ಇವತ್ತಿನ ತಾಲ್ಲೂಕು ಆಸ್ಪತ್ರೆಯ ಯಂತ್ರದ ಭರವಸೆಯೂ ಇದೆ, ಅದರ ಮಿತಿಯೂ ಇದೆ.

ಅದೇ ವರ್ಷ ಅಮೆರಿಕದ ನಾರ್ಮನ್ ಶೀಲಿ ಎಂಬ ಶಸ್ತ್ರವೈದ್ಯ ಬೆನ್ನುಹುರಿಯ ಹಿಂಬದಿಗೇ ವಿದ್ಯುದಗ್ರ ಇಟ್ಟು ಕ್ಯಾನ್ಸರ್ ರೋಗಿಯ ನೋವು ತಗ್ಗಿಸಲು ನೋಡಿದರು. ಯಾರಿಗೆ ಆ ಶಸ್ತ್ರಕ್ರಿಯೆ ಒಗ್ಗೀತು ಎಂದು ಮೊದಲೇ ತಿಳಿಯಲು ಚರ್ಮದ ಮೇಲೆ ಕರೆಂಟು ಕೊಟ್ಟು ಪರೀಕ್ಷಿಸುತ್ತಿದ್ದರು. ಕೆಲವರಿಗೆ ಆ ಪರೀಕ್ಷೆಯಿಂದಲೇ ಸಾಕಷ್ಟು ಆರಾಮ ಸಿಕ್ಕಿತು. ಚರ್ಮದ ಮೇಲಿಂದಲೇ ನರಕ್ಕೆ ಕರೆಂಟು ಕೊಡುವ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ‘ಟೆನ್ಸ್’ ಯಂತ್ರ 1970ರ ದಶಕದಲ್ಲಿ ಬಂದಿದ್ದು ಈ ದಾರಿಯಿಂದ.

ಒಳಗೆ ನಡೆಯುವುದೇನು

ನಮ್ಮ ಫಿಸಿಯೋಥೆರಪಿ ಕೋಣೆಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆಯ ಕರೆಂಟು. ಒಂದು ಟೆನ್ಸ್: ಎರಡು ಪ್ಯಾಡು, ಬ್ಯಾಟರಿ, ಸೆಕೆಂಡಿನ ಸಣ್ಣ ಪಾಲಿನಷ್ಟು ಹೊತ್ತಿನ ಮಿಡಿತಗಳು. ಇನ್ನೊಂದು ಐಎಫ್‌ಟಿ, ಅಂದರೆ ಇಂಟರ್‌ಫೆರೆನ್ಷಿಯಲ್ ಥೆರಪಿ. ಇದು 1950ರ ದಶಕದಲ್ಲಿ ವಿಯೆನ್ನಾದ ಹಾನ್ಸ್ ನೆಮೆಕ್ ತಂದದ್ದು. ಒಂದು ಜೋಡಿ ಪ್ಯಾಡಿನಿಂದ 4000 ಹರ್ಟ್ಸ್ ಕರೆಂಟು, ಇನ್ನೊಂದು ಜೋಡಿಯಿಂದ 4100 ಹರ್ಟ್ಸ್. ಇಷ್ಟು ವೇಗದ ಕರೆಂಟು ಚರ್ಮದಲ್ಲಿ ಹೆಚ್ಚು ಚುಚ್ಚುವುದಿಲ್ಲ. ಎರಡೂ ಮೈಯೊಳಗೆ ಸೇರುವ ಕಡೆ, ಶ್ರುತಿ ಕೂಡದ ಎರಡು ತಂಬೂರಿ ತಂತಿಗಳನ್ನು ಒಟ್ಟಿಗೆ ಮೀಟಿದಾಗ ಅಲೆಅಲೆಯಾಗಿ ಏರಿಳಿವ ನಾದ ಕೇಳುವಂತೆ, ಎರಡರ ವ್ಯತ್ಯಾಸವಾದ 100 ಹರ್ಟ್ಸಿನ ಮಿಡಿತ ಹುಟ್ಟುತ್ತದೆ. ನಾಲ್ಕು ಪ್ಯಾಡು ಬೇಕಾಗುವುದು ಅದಕ್ಕೆ.

ಸೆಕೆಂಡಿಗೆ 80ರಿಂದ 120 ಮಿಡಿತದ ವೇಗದ ಕರೆಂಟು ಮುಖ್ಯವಾಗಿ ಗೇಟು ಮುಚ್ಚುವ ಕೆಲಸ ಮಾಡುತ್ತದೆ ಎಂದು ಮೊದಲು ನಂಬಿದ್ದರು. ಎರಡರಿಂದ ನಾಲ್ಕು ಮಿಡಿತದ ನಿಧಾನದ, ಸ್ನಾಯು ತುಸು ಕುಣಿಯುವಷ್ಟು ಜೋರಿನ ಕರೆಂಟು ದೇಹದ್ದೇ ಆದ ಅಫೀಮಿನಂಥ ನೋವುಶಾಮಕಗಳನ್ನು ಬಿಡಿಸುತ್ತದೆ. ಅಫೀಮಿನ ಪರಿಣಾಮ ಅಳಿಸುವ ನಲಾಕ್ಸೋನ್ ಕೊಟ್ಟಾಗ ಈ ಆರಾಮ ಮಾಯವಾಗುವುದು ಅದಕ್ಕೆ ಸಾಕ್ಷಿ. ಮುಂದಿನ ಸಂಶೋಧನೆಗಳಿಂದ ಎರಡೂ ಬಗೆಯಲ್ಲಿ ಅಂಥ ರಾಸಾಯನಿಕಗಳ ಪಾಲಿದೆ, ಬೇರೆ ಬೇರೆ ಗ್ರಾಹಿಗಳ ಮೂಲಕ ಎಂದು ತಿಳಿದಿದೆ. ಇದರಿಂದ ರೋಗಿಗೆ ಬೇಕಾದ ಕೆಲವು ವಿಷಯಗಳು ಹೊರಡುತ್ತವೆ. ಟ್ರಾಮಡಾಲ್‌ನಂಥ ಮಾತ್ರೆಗಳನ್ನು ಬಹಳ ದಿನದಿಂದ ತಿನ್ನುತ್ತಿರುವವರಿಗೆ ನಿಧಾನದ ಕರೆಂಟು ಅಷ್ಟಾಗಿ ನಾಟದಿರಬಹುದು. ದಿನವೂ ಒಂದೇ ಮಟ್ಟದಲ್ಲಿ ಇಡಿಸಿಕೊಂಡರೆ ದೇಹ ಅದಕ್ಕೆ ಒಗ್ಗಿಹೋಗಿ ಫಲ ಇಳಿಯುತ್ತದೆ. ಕಾಫಿಯ ವಿಷಯವೂ ಇದೆ: 200 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರಲ್ಲಿ ಟೆನ್ಸ್‌ನ ಆರಾಮ ತಗ್ಗಿದ್ದನ್ನು 1995ರ ಒಂದು ಸಣ್ಣ ಅಧ್ಯಯನ ತೋರಿಸಿತ್ತು. ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದು ಕರೆಂಟಿಗೆ ಹೋಗುವವರು ಒಂದೆರಡು ದಿನ ಬಿಟ್ಟು ನೋಡಬಹುದು, ಕಳೆದುಕೊಳ್ಳುವುದೇನಿಲ್ಲ.

ಈ ಯಾವುದರಲ್ಲೂ ಡಿಸ್ಕಿನ ಮಾತು ಬರಲಿಲ್ಲ ಎಂಬುದನ್ನು ಗಮನಿಸಿ. ಕರೆಂಟು ಕೆಲಸ ಮಾಡುವುದು ನೋವಿನ ಸುದ್ದಿಯ ಮೇಲೆ. ನರಬೇರಿನ ಹತ್ತಿರದ ಚೂರು ಇದ್ದಲ್ಲೇ ಇರುತ್ತದೆ.

ಪರೀಕ್ಷೆಗೆ ನಿಂತಾಗ

ಸಯಾಟಿಕಾದ ದೊಡ್ಡ ತೊಡಕು ಅದು ಬಹಳಷ್ಟು ಮಂದಿಗೆ ತಾನಾಗಿ ತಗ್ಗುವ ನೋವು ಎಂಬುದು. ತಗ್ಗುವ ಹೊತ್ತಿಗೆ ಯಾವ ಚಿಕಿತ್ಸೆ ನಡೆಯುತ್ತಿತ್ತೋ ಅದಕ್ಕೆ ಕೀರ್ತಿ ಹೋಗುತ್ತದೆ. ಕರೆಂಟಿಗೆ, ಎಣ್ಣೆಗೆ, ಪಟ್ಟು ಹಾಕುವವರಿಗೆ, ಹರಕೆ ಹೊತ್ತ ದೇವರಿಗೆ. ನೆದರ್ಲೆಂಡ್ಸ್‌ನಲ್ಲಿ 183 ಸಯಾಟಿಕಾ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಎರಡು ವಾರ ಹಾಸಿಗೆಯಲ್ಲಿ ಮಲಗಿಸಿ, ಇನ್ನೊಂದನ್ನು ಆದಷ್ಟು ಓಡಾಡಿಕೊಂಡಿರಲು ಬಿಟ್ಟರು. 12 ವಾರದ ಕೊನೆಗೆ ಎರಡೂ ಗುಂಪಿನಲ್ಲಿ ಶೇ 87ರಷ್ಟು ಮಂದಿ ಸುಧಾರಿಸಿದ್ದರು. 1999ರ ಈ ಫಲಿತಾಂಶದ ನಂತರವೂ “ಒಂದು ತಿಂಗಳು ಕಂಪ್ಲೀಟ್ ಬೆಡ್ ರೆಸ್ಟ್” ಎಂಬ ಚೀಟಿ ನಮ್ಮಲ್ಲಿ ಬರೆಯುತ್ತಲೇ ಇದ್ದಾರೆ. ಕೂಲಿ ಮಾಡುವ ಮನೆಗೆ ಆ ಒಂದು ಸಾಲಿನಿಂದ ಆಗುವ ನಷ್ಟ ಎಷ್ಟೆಂದು ಬರೆಯುವವರು ಒಮ್ಮೆ ಯೋಚಿಸಬೇಕು. ಶಸ್ತ್ರಕ್ರಿಯೆಯ ಕಥೆಯೂ ದೂರದ್ದಲ್ಲ. 2007ರಲ್ಲಿ ಅದೇ ದೇಶದಲ್ಲಿ 6ರಿಂದ 12 ವಾರ ತೀವ್ರ ನೋವು ಅನುಭವಿಸಿದ್ದ 283 ಮಂದಿಯಲ್ಲಿ ಕೆಲವರಿಗೆ ಬೇಗ ಆಪರೇಷನ್ ಮಾಡಿ, ಉಳಿದವರನ್ನು ಕಾಯಿಸಿದರು. ಆಪರೇಷನ್ ಆದವರ ನೋವು ಬೇಗ ಇಳಿಯಿತು ನಿಜ, ಆದರೆ ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇ 95ರಷ್ಟು ಮಂದಿ ಚೇತರಿಸಿಕೊಂಡಿದ್ದರು. ಕಾದವರಲ್ಲಿ ಶೇ 39 ಮಂದಿಗೆ ಕೊನೆಗೂ ಆಪರೇಷನ್ ಬೇಕಾಯಿತು ಎಂಬುದನ್ನೂ ಮರೆಮಾಚಬಾರದು.

ಹೀಗೆ ತಾನಾಗಿ ಇಳಿಯುವ ನೋವಿನಲ್ಲಿ ಕರೆಂಟಿನ ಪಾಲೆಷ್ಟು ಎಂದು ತಿಳಿಯಬೇಕಾದರೆ ಕರೆಂಟೇ ಹರಿಯದ ನಕಲಿ ಯಂತ್ರವನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಅಮೆರಿಕದ ರಿಚರ್ಡ್ ಡೀಯೊ ಮತ್ತು ಸಂಗಡಿಗರು 1990ರಲ್ಲಿ ಬಹುಕಾಲದ ಬೆನ್ನುನೋವಿನ 145 ಮಂದಿಯ ಮೇಲೆ ಅದನ್ನೇ ಮಾಡಿದರು. ನಿಜ ಟೆನ್ಸ್‌ಗೂ ನಕಲಿಗೂ ವ್ಯತ್ಯಾಸ ಕಾಣಲಿಲ್ಲ. ವ್ಯಾಯಾಮ ಕಲಿಸಿದವರಿಗೆ ಒಂದು ತಿಂಗಳಿಗೆ ಗುಣ ಕಂಡಿತು; ಎರಡು ತಿಂಗಳ ನಂತರ ನೋಡಿದರೆ ಬಹುಪಾಲು ಮಂದಿ ವ್ಯಾಯಾಮ ಬಿಟ್ಟಿದ್ದರು, ಸಿಕ್ಕಿದ್ದ ಗುಣವೂ ಹೋಗಿತ್ತು. ಆ ಕೊನೆಯ ಸಾಲು ಓದಿದಾಗ ನನಗೆ ನಮ್ಮ ನೆಂಟರಿಷ್ಟರ ಮುಖಗಳೆಲ್ಲ ನೆನಪಾದವು.

ಸಯಾಟಿಕಾಕ್ಕೆ ಇನ್ನೂ ಹತ್ತಿರದ ಅಧ್ಯಯನ ಫ್ರಾನ್ಸಿನದು. 2012ರಲ್ಲಿ ಪ್ರಕಟವಾದ ಅದರಲ್ಲಿ 21 ನೋವು ಚಿಕಿತ್ಸಾ ಕೇಂದ್ರಗಳ 236 ರೋಗಿಗಳಿದ್ದರು, ಹಲವರಿಗೆ ಬೆನ್ನಿನ ಜೊತೆ ಕಾಲಿಗಿಳಿಯುವ ನೋವೂ ಇತ್ತು. ದಿನದ ಕೆಲಸ ಮಾಡುವ ಶಕ್ತಿಯಲ್ಲಿ ನಿಜ ಯಂತ್ರಕ್ಕೂ ನಕಲಿಗೂ ಭೇದವಿರಲಿಲ್ಲ. ಆದರೆ ಕಾಲಿನ ನೋವು ಅರ್ಧಕ್ಕರ್ಧ ಇಳಿದವರು ನಿಜ ಕರೆಂಟಿನ ಗುಂಪಿನಲ್ಲಿ ಮೂವರಲ್ಲಿ ಒಬ್ಬರಷ್ಟು, ನಕಲಿ ಗುಂಪಿನಲ್ಲಿ ಶೇ 15. ನೋವು ಇಳಿಯುತ್ತದೆ, ಬದುಕು ಅಷ್ಟಾಗಿ ಬದಲಾಗುವುದಿಲ್ಲ. 2022ರಲ್ಲಿ ಎಲ್ಲ ಬಗೆಯ ನೋವಿನ 381 ಪರೀಕ್ಷೆಗಳನ್ನು ಕೂಡಿಸಿ ನೋಡಿದವರೂ ಟೆನ್ಸ್ ಹರಿಯುತ್ತಿರುವಾಗ ಮತ್ತು ನಿಲ್ಲಿಸಿದ ಕೂಡಲೇ ನೋವು ತಗ್ಗುತ್ತದೆ, ಗಂಭೀರ ಅಪಾಯವಿಲ್ಲ ಎಂದು ಹೇಳಿದರು.

ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ಹೆಚ್ಚು ನಿಷ್ಠುರ. ಬೆನ್ನುನೋವು ಮತ್ತು ಸಯಾಟಿಕಾಕ್ಕೆ 2016ರಲ್ಲಿ ಅದು ಹೊರಡಿಸಿದ ಮಾರ್ಗಸೂಚಿ ಟೆನ್ಸ್ ಬೇಡ, ಐಎಫ್‌ಟಿ ಬೇಡ, ಅಲ್ಟ್ರಾಸೌಂಡ್ ಬೇಡ, ಟ್ರಾಕ್ಷನ್ ಬೇಡ, ಸೊಂಟದ ಬೆಲ್ಟೂ ಬೇಡ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಬಹುಕಾಲದ ಬೆನ್ನುನೋವಿಗೆ ಟೆನ್ಸ್ ವಾಡಿಕೆಯಾಗಿ ಬೇಡ ಎಂದಿತು. ನಮ್ಮ ಫಿಸಿಯೋಥೆರಪಿ ಕೋಣೆಯ ಮುಕ್ಕಾಲು ಸಾಮಾನು ಆ ಬೇಡದ ಪಟ್ಟಿಯಲ್ಲಿದೆ.

ನಾನು ನೈಸ್‌ನಷ್ಟು ದೂರ ಹೋಗುವುದಿಲ್ಲ. ಸಯಾಟಿಕಾಕ್ಕೆ ನಾವು ಧಾರಾಳವಾಗಿ ತಿನ್ನುವ ಮಾತ್ರೆಗಳ ಸ್ಥಿತಿ ಇದಕ್ಕಿಂತ ಉತ್ತಮವಾಗಿಲ್ಲ. ಆಸ್ಟ್ರೇಲಿಯಾದಲ್ಲಿ 209 ಸಯಾಟಿಕಾ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಪ್ರಿಗಬಾಲಿನ್ ಕಾಲುನೋವನ್ನು ಸಕ್ಕರೆ ಮಾತ್ರೆಗಿಂತ ಹೆಚ್ಚು ತಗ್ಗಿಸಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಾಯಿತು. ಹೊಟ್ಟೆ ಮತ್ತು ಮೂತ್ರಪಿಂಡಕ್ಕೆ ಕಾಟ ಕೊಡುವ ನೋವಿನ ಮಾತ್ರೆಗಳನ್ನು ಅರವತ್ತು ದಾಟಿದವರು ತಿಂಗಳುಗಟ್ಟಲೆ ನುಂಗುವುದಕ್ಕಿಂತ, ಎರಡು ಮೂರು ಸಾವಿರ ರೂಪಾಯಿಗೆ ಸಿಗುವ ಪುಟ್ಟ ಟೆನ್ಸ್ ಯಂತ್ರ ಕಡಿಮೆ ಕೆಡುಕಿನದು. ಅದರಿಂದ ಆರಾಮ ಸಿಗುವವರಿಂದ ಅದನ್ನು ಕಸಿದುಕೊಳ್ಳುವುದು ಸರಿಯಲ್ಲ. ಆದರೆ ಅದನ್ನು ಚಿಕಿತ್ಸೆ ಎಂದು ಕರೆದು, 15 ಸಿಟ್ಟಿಂಗಿನ ಪ್ಯಾಕೇಜ್ ಕಟ್ಟಿ, ಮೊದಲೇ ಹಣ ಕಟ್ಟಿಸಿಕೊಳ್ಳುವುದು ಅನ್ಯಾಯ. ಉಚಿತ ಶಿಬಿರ ಎಂದು ಕರೆದು ವಯಸ್ಸಾದವರನ್ನು ದಿನವೂ ‘ನೋವು ಕಳೆಯುವ’ ಮ್ಯಾಟಿನ ಮೇಲೆ ಕೂರಿಸಿ, ಕೊನೆಗೆ ಅದೇ ಮ್ಯಾಟನ್ನು ಪಿಂಚಣಿ ಹಣಕ್ಕೆ ಮಾರುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಬೆನ್ನುಹುರಿಗೇ ವಿದ್ಯುದಗ್ರ ಕೂರಿಸುವ ಲಕ್ಷಾಂತರ ರೂಪಾಯಿಯ ಸ್ಟಿಮ್ಯುಲೇಟರ್ ಬಗ್ಗೆ ಒಂದೇ ಮಾತು. ಬೆನ್ನಿನ ಆಪರೇಷನ್ ನಂತರವೂ ಕಾಲುನೋವು ಹೋಗದ 50 ಮಂದಿಗೆ ಅದನ್ನು ಕೂರಿಸಿ, ಅವರಿಗೇ ಗೊತ್ತಾಗದ ಹಾಗೆ ಸರದಿಯಂತೆ ಆನ್ ಮತ್ತು ಆಫ್ ಮಾಡಿ ನೋಡಿದ ನಾರ್ವೆಯ 2022ರ ಅಧ್ಯಯನದಲ್ಲಿ ಎರಡಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬೇರೆ ಅಧ್ಯಯನಗಳಲ್ಲಿ ಕೆಲವರಿಗೆ ಗುಣ ಕಂಡಿದ್ದೂ ಇದೆ. ಆಸ್ತಿ ಮಾರಿ ಹಾಕಿಸಿಕೊಳ್ಳುವ ಮುನ್ನ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಲೇಬೇಕು.

ಆ ಇಪ್ಪತ್ತು ನಿಮಿಷದ ನಂತರ

ಹಾಗಾದರೆ ಕರೆಂಟನ್ನು ಬಳಸುವುದು ಹೇಗೆ? ತಾಲ್ಲೂಕು ಆಸ್ಪತ್ರೆಯ ಆ ಫಿಸಿಯೋಥೆರಪಿಸ್ಟ್ ಹೇಳಿದ ಹಾಗೆ. ನೋವಿಗೆ ಹೆದರಿದ ಮೈ ಬಿಗಿದುಕೊಳ್ಳುತ್ತದೆ, ಬಿಗಿದ ಮೈ ನಡೆಯುವುದನ್ನು ಬಿಡುತ್ತದೆ, ನಡೆಯದ ಬೆನ್ನು ಇನ್ನಷ್ಟು ದುರ್ಬಲವಾಗುತ್ತದೆ. ಕರೆಂಟು ಕೊಟ್ಟ ನಂತರದ ಒಂದು ಗಂಟೆಯಲ್ಲಿ ನಡೆಯುವುದು, ಫಿಸಿಯೋಥೆರಪಿಸ್ಟ್ ಕಲಿಸಿದ ಬೆನ್ನಿನ ಚಲನೆಗಳನ್ನು ಮಾಡುವುದು, ಮೆಟ್ಟಿಲು ಹತ್ತಿ ನೋಡುವುದು, ಇದರಿಂದ ಆ ಸುತ್ತು ಮುರಿಯುತ್ತದೆ. ಅಮೆರಿಕದಲ್ಲಿ ಹೊಸದಾಗಿ ಸಯಾಟಿಕಾ ಶುರುವಾದ 220 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಬೇಗನೆ ನಾಲ್ಕು ವಾರ ವ್ಯಾಯಾಮ ಮತ್ತು ಕೈಚಿಕಿತ್ಸೆ ಕೊಡಿಸಿದಾಗ, ವರ್ಷದ ಕೊನೆಗೂ ಅವರು ಉಳಿದವರಿಗಿಂತ ಚೆನ್ನಾಗಿ ಓಡಾಡಿಕೊಂಡಿದ್ದರು. ವ್ಯತ್ಯಾಸ ದೊಡ್ಡದಲ್ಲ, ಆದರೆ ಉಳಿಯಿತು. ನಿಮ್ಮ ಫಿಸಿಯೋಥೆರಪಿಸ್ಟ್ ಯಂತ್ರ ಹಚ್ಚಿ ಹೋಗಿ, ಟೈಮರ್ ಕೂಗಿದಾಗ ಬಂದು ಬಿಚ್ಚಿ ಕಳಿಸುತ್ತಿದ್ದರೆ, ವ್ಯಾಯಾಮ ಹೇಳಿಕೊಡಿ ಎಂದು ಬಾಯಿಬಿಟ್ಟು ಕೇಳಿ. ಅದು ಅವರು ನಾಲ್ಕು ವರ್ಷಕ್ಕೂ ಮೀರಿ ಓದಿ ಕಲಿತ ವಿದ್ಯೆ. ಕರೆಂಟು ಅದರ ಸಣ್ಣ ಭಾಗ.

ಮನೆಯಲ್ಲಿ ಟೆನ್ಸ್ ಬಳಸುವವರು ಯಂತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುವಾಗಲೇ ಹಚ್ಚಿಕೊಂಡರೆ ಹೆಚ್ಚು ಫಲ. ಜುಮುಗುಟ್ಟುವುದು ಚೆನ್ನಾಗಿ ತಿಳಿಯುವಷ್ಟು ಜೋರಿರಲಿ, ನೋಯುವಷ್ಟಲ್ಲ. ಗಾಡಿ ಓಡಿಸುವಾಗ, ನಿದ್ದೆ ಮಾಡುವಾಗ ಬೇಡ. ಪೇಸ್‌ಮೇಕರ್ ಇದ್ದವರು ಹೃದ್ರೋಗ ತಜ್ಞರನ್ನು ಕೇಳದೆ ಮುಟ್ಟಲೇಬಾರದು. ಗರ್ಭಿಣಿಯರು ಹೊಟ್ಟೆ, ಸೊಂಟಕ್ಕೆ ಇಟ್ಟುಕೊಳ್ಳಬಾರದು. ಕುತ್ತಿಗೆಯ ಮುಂಭಾಗಕ್ಕೆ ಯಾರೂ ಇಡಬಾರದು. ಅಪಸ್ಮಾರ ಇರುವವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು, ಆ ಜಾಗದಲ್ಲಿ ಕ್ಯಾನ್ಸರ್ ಇರುವವರು ಮೊದಲೇ ತಿಳಿಸಬೇಕು. ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದವರು ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು: ಚರ್ಮಕ್ಕೆ ಅರಿವಿಲ್ಲದ ಕಡೆ, ಸ್ಪಂಜು ಒಣಗಿದ ಪ್ಯಾಡಿನಿಂದ ಸುಟ್ಟ ಗಾಯವಾದರೂ ಗೊತ್ತಾಗುವುದಿಲ್ಲ. ಅಂಥವರು ಕರೆಂಟು ಹಚ್ಚುವ ಮೊದಲು ಹತ್ತಿಯಿಂದ ಮುಟ್ಟಿ ಅರಿವು ಪರೀಕ್ಷಿಸಿ ಎಂದು ಕೇಳಬೇಕು.

ಆರರಿಂದ ಎಂಟು ವಾರ ಕಳೆದರೂ ನೋವು ಒಂದಿಷ್ಟೂ ಇಳಿಯದಿದ್ದರೆ ಕರೆಂಟು ಮುಂದುವರಿಸುವುದಲ್ಲ, ಬೆನ್ನಿನ ತಜ್ಞರನ್ನು ಕಾಣಬೇಕು. ತೀವ್ರ ನೋವಿಗೆ ನರಬೇರಿನ ಹತ್ತಿರ ಕೊಡುವ ಇಂಜೆಕ್ಷನ್ ಇದೆ, ಬೇಕಾದವರಿಗೆ ಶಸ್ತ್ರಕ್ರಿಯೆಯೂ ಇದೆ.

ಕಾಯಬಾರದ ಕೆಲವು ಲಕ್ಷಣಗಳಿವೆ. ಎರಡೂ ಕಾಲಿಗೆ ನೋವು ಅಥವಾ ಜೋಮು ಹರಡುವುದು. ಸೈಕಲ್ ಸೀಟು ತಾಗುವ ಜಾಗವೆಲ್ಲ ಮರಗಟ್ಟುವುದು. ಮೂತ್ರ ಕಟ್ಟಿಕೊಳ್ಳುವುದು, ಇಲ್ಲವೆ ಮೂತ್ರ ಮಲದ ಹಿಡಿತ ತಪ್ಪುವುದು. ಪಾದ ಎತ್ತಲಾಗದೆ ಚಪ್ಪಲಿ ಜಾರುವುದು. ಬೆನ್ನುಹುರಿಯ ಕೆಳಗಿನ ನರಗೊಂಚಲು ಒತ್ತಿಹೋದಾಗ ಹೀಗಾಗಬಹುದು, ತಡವಾದರೆ ಹೋದ ಶಕ್ತಿ ಮರಳದೇ ಇರಬಹುದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದು, ಬಿದ್ದು ಪೆಟ್ಟಾಗಿದ್ದು ಬೆನ್ನುನೋವಿನ ಜೊತೆಗಿದ್ದರೂ ಮೊದಲು ವೈದ್ಯರ ಪರೀಕ್ಷೆ ಆಗಬೇಕು. ಹೆಂಗಸರು ಮೂತ್ರದ ತೊಂದರೆಯನ್ನು ಸಂಕೋಚದಿಂದ ಮನೆಯವರಿಗೂ ಹೇಳದೆ ದಿನ ದೂಡುವುದುಂಟು. ಮನೆಯವರೇ ಕೇಳಿ ತಿಳಿದುಕೊಳ್ಳಿ. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಅಥವಾ ಪಾದ ಸೋತರೆ ಆ ದಿನ ಕರೆಂಟಿಗೆ ಹೋಗಬೇಡಿ, ನಾಳೆ ನೋಡೋಣ ಎನ್ನಬೇಡಿ. ಎಂಆರ್‌ಐ ಮತ್ತು ಬೆನ್ನಿನ ಶಸ್ತ್ರಕ್ರಿಯೆಯ ಸೌಲಭ್ಯ ಇರುವ ಆಸ್ಪತ್ರೆಗೆ ಅದೇ ದಿನ, ರಾತ್ರಿಯಾಗಿದ್ದರೂ ಸರಿ, ಕರೆದುಕೊಂಡು ಹೋಗಿ.